ಓದಲಾಗದ ಲಿಪಿ, ಬಿಡಿಸಲಾಗದ ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಾಹ್ಮಿಯಲ್ಲಿರುವ ಈ ಶಾಸನದ ಕೊನೆಯಲ್ಲಿ ಚಪಡನು ತಾನು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಸ್ಥಳೀಯರಿಗೆ ಅಪರಿಚಿತವಾಗಿದ್ದರೂ ಅದು ಗೂಢಲಿಪಿಯಲ್ಲ. ಗ್ರೀಕ್ ಬರಹವನ್ನೂ ಹೊತ್ತ ನಾಣ್ಯಗಳ ನೆರವಿನಿಂದ ವಿದ್ವಾಂಸರು ಖರೋಷ್ಠಿಯನ್ನು ಮೊದಲೇ ಓದಿದ್ದರಿಂದ ಆ ಪದ ಮರೆಯಲ್ಲಿ ಉಳಿಯಲಿಲ್ಲ.

ಆಧುನಿಕ ಗೂಢಲಿಪಿಶಾಸ್ತ್ರದ ನೆಲೆ ಬೇರೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಪ್ರಕಟಿಸಿದ ಕ್ರಮದಲ್ಲಿ ವಿಧಾನವು ಬಹಿರಂಗ, ಕೀಲಿ ಮಾತ್ರ ಗುಪ್ತ. ಚಳ್ಳಕೆರೆಯವರೊಬ್ಬರು 3ನ್ನೂ ಮೊಳಕಾಲ್ಮೂರಿನವರೊಬ್ಬರು 9ನ್ನೂ ಗುಟ್ಟಾಗಿ ಆರಿಸಿಕೊಂಡರೆಂದು ಭಾವಿಸಬಹುದು. 2ನ್ನು ಆ ಘಾತಗಳಿಗೇರಿಸಿ 11ರಿಂದ ಭಾಗಿಸಿದಾಗ ಉಳಿಯುವ ಶೇಷಗಳಾದ 8 ಮತ್ತು 6ನ್ನು ಅವರು ಎಲ್ಲರೆದುರೇ ವಿನಿಮಯ ಮಾಡಿಕೊಳ್ಳುತ್ತಾರೆ. ಬಂದ ಸಂಖ್ಯೆಯನ್ನು ತಂತಮ್ಮ ಗುಟ್ಟಿನ ಘಾತಕ್ಕೇರಿಸಿ 11ರಿಂದ ಭಾಗಿಸಿದರೆ ಇಬ್ಬರಿಗೂ ದೊರೆಯುವ ಶೇಷ 7, ಅದೇ ಕೀಲಿ. ಸಂಖ್ಯೆಗಳು ನೂರಾರು ಅಂಕಿಗಳಷ್ಟು ದೊಡ್ಡವಾದಾಗ, ಶೇಷದಿಂದ ಘಾತವನ್ನು ಕಂಡುಹಿಡಿಯುವುದು ಸಾಮಾನ್ಯ ಗಣಕಗಳ ಅಳವಿಗೆ ಮೀರಿದ್ದು. ಆದರೆ ಈ ಕಾಠಿಣ್ಯವು ಸಾಧಿತ ಸತ್ಯವಲ್ಲ, ನಂಬಿಕೆ ಮಾತ್ರ. ಕ್ವಾಂಟಂ ಗಣಕಕ್ಕೆ ಇದನ್ನು ಬಿಡಿಸುವ ಮಾರ್ಗವನ್ನು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ.

ಆದ್ದರಿಂದ ಓದಲು ಬಾರದ ಬರಹವನ್ನೆಲ್ಲ ಗೂಢಲಿಪಿಯೆಂದು ಕರೆಯುವ ಮುನ್ನ ಶಾಸನಾಧ್ಯಯನವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮರೆಯಿರುವುದು ಬರೆದವನ ಉದ್ದೇಶದಲ್ಲೋ, ಓದುವವನ ಅಪರಿಚಯದಲ್ಲೋ?