ತಲೆಗೆ ಎಷ್ಟು, ಊಟ ಸೇರಿಯೋ?

ಜಪಾನಿನ ಕಿಸೊ ಕಣಿವೆಯಲ್ಲಿ ತ್ಸುಮಾಗೊ ಎಂಬ ಊರಿದೆ. ಅಲ್ಲೊಂದು ರಾತ್ರಿ ಉಳಿಯಲು ಜಾಗ ಹುಡುಕುತ್ತಿದ್ದಾಗ ಒಂದು ‘ಮಿನ್‌ಶುಕು’ವಿನ ದರ 10,000 ಯೆನ್ ಎಂದು ಕಂಡಿತು. ಆಗ ನೂರು ಯೆನ್‌ಗೆ ಸುಮಾರು 56 ರೂಪಾಯಿ. 5,600 ರೂಪಾಯಿ ತಾನೆ, ಪರವಾಗಿಲ್ಲ ಎಂದು ಹೆಂಡತಿಗೆ ತೋರಿಸಿದೆ.

“ರೀ, ಇದು ರೂಮಿಗೋ, ತಲೆಗೋ?”

ತಲೆಗೆ! ಕೂತಲ್ಲೇ ಖರ್ಚು 11,200 ರೂಪಾಯಿ ಆಯಿತು.

ಸಕಲೇಶಪುರದ ಹೋಮ್‌ಸ್ಟೇಗೆ ಫೋನ್ ಮಾಡಿದರೆ ನಾನು ಮೊದಲು ಕೇಳುವುದೇ “ತಲೆಗೆ ಎಷ್ಟು, ಊಟ ಸೇರಿಯೋ?” ಎಂದು. ಮಿನ್‌ಶುಕು ಕೂಡ ಅದೇ ಜಾತಿ. ಮನೆಯವರೇ ಅಡುಗೆ ಮಾಡಿ, ತಮ್ಮ ಮನೆಯಲ್ಲೇ ನಾಲ್ಕಾರು ಕೋಣೆ ಬಿಟ್ಟುಕೊಡುವ ವ್ಯವಸ್ಥೆ. ವಿದೇಶ ಎಂದ ಕೂಡಲೇ ನಮ್ಮೂರಿನ ಬುದ್ಧಿಯನ್ನು ಮನೆಯಲ್ಲಿ ಬಿಟ್ಟಿದ್ದೆ.

ಬುಕ್ ಮಾಡುವ ಮುನ್ನ ಎರಡು ಜಪಾನಿ ಮಾತು ಗೊತ್ತಿದ್ದರೆ ಸಾಕು. ‘ಇಪ್ಪಾಕು ನಿಶೋಕು’ ಎಂದರೆ ಒಂದು ರಾತ್ರಿ, ಎರಡು ಊಟ: ರಾತ್ರಿಯದು, ಬೆಳಗಿನದು. ‘ಸುದೊಮಾರಿ’ ಎಂದರೆ ಬರೀ ತಂಗುವುದು.

ತ್ಸುಮಾಗೊದಲ್ಲಿ ಎರಡು ಊಟದ್ದನ್ನೇ ತೆಗೆದುಕೊಂಡೆವು. ಶತಮಾನಗಳ ಹಿಂದಿನ ಎದೊ ಕಾಲದ ಹೆದ್ದಾರಿಯ ಈ ಊರಿನವರು 1971ರಲ್ಲೇ ಕೂಡಿ ನಿಯಮ ಮಾಡಿಕೊಂಡಿದ್ದಾರೆ: ಮನೆ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಹಾಗಾಗಿ ಕೋಣೆಗಳು ಕಡಿಮೆ. ಸಂಜೆ ಬಸ್ಸುಗಳು ಹೊರಟರೆ ಅಂಗಡಿಗಳ ಬಾಗಿಲೂ ಮುಚ್ಚುತ್ತವೆ. ಊಟ ಬೇಡವೆಂದು ಉಳಿಸುವ ದುಡ್ಡಿಗೆ ಅಲ್ಲಿ ಹೊಟ್ಟೆ ತುಂಬುವುದಿಲ್ಲ.

ಕೋಣೆಯಲ್ಲಿ ತತಾಮಿ ಚಾಪೆ, ಕಾಗದದ ಬಾಗಿಲು. ಪಕ್ಕದ ಕೋಣೆಯವರ ಕೆಮ್ಮು ನಮ್ಮದೇ ಅನ್ನುವಷ್ಟು ಹತ್ತಿರ. ಹಾಸಿಗೆ ನಾವೇ ಬಿಡಿಸಿಕೊಳ್ಳಬೇಕು. ಸ್ನಾನದ ಮನೆ ಎಲ್ಲರಿಗೂ ಒಂದೇ; ಹೊರಗೆ ಮೈ ತೊಳೆದುಕೊಂಡೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು, ಆ ನೀರನ್ನು ಚೆಲ್ಲುವಂತಿಲ್ಲ. ದರ ರ‍್ಯೋಕಾನ್‌ ಎಂಬ ಸಾಂಪ್ರದಾಯಿಕ ವಸತಿಗೃಹಕ್ಕಿಂತ ಕಡಿಮೆ ಇರುವುದು ಇದಕ್ಕೇ: ಅಲ್ಲಿ ಆಳು ಮಾಡುವ ಕೆಲಸ ಇಲ್ಲಿ ನಮ್ಮದು. ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ.

ಆರು ಗಂಟೆಗೆ ಊಟ. ತಟ್ಟೆಯ ನಡುವೆ ತಲೆಬಾಲ ಸಮೇತ ಸುಟ್ಟ ಹೊಳೆಮೀನು ನಮ್ಮನ್ನೇ ನೋಡುತ್ತಿತ್ತು. ನಾವು ಸಸ್ಯಾಹಾರಿಗಳು ಎಂದು ಮೊದಲೇ ಬರೆದಿರಲಿಲ್ಲ, ತಪ್ಪು ನನ್ನದು. ಸಾರಿನಲ್ಲೂ ಒಣಮೀನಿನ ರಸ, ‘ದಾಶಿ’. ಅನ್ನ, ಉಪ್ಪಿನಕಾಯಿ, ಹಿಟ್ಟಿನಲ್ಲಿ ಅದ್ದಿ ಕರಿದ ಕಾಡುಸೊಪ್ಪಿನ ‘ತೆಂಪುರಾ’ ತಿಂದೆವು. ಅರ್ಧ ಊಟದ ದುಡ್ಡು ತಟ್ಟೆಯಲ್ಲೇ ಉಳಿಯಿತು. ಬೆಳಿಗ್ಗೆ ಲೆಕ್ಕ ಚುಕ್ತಾ ಮಾಡುವಾಗ ಕಾರ್ಡ್ ನಡೆಯಲಿಲ್ಲ, ನಗದೇ ಬೇಕು. ಎಟಿಎಂನಲ್ಲಿ ತೆಗೆದಿಟ್ಟ ಹಣ ಕೈಹಿಡಿಯಿತು. ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಅನ್ನಿ, ಯೆನ್‌ನಲ್ಲೇ ಇರಲಿ. ಇಲ್ಲದಿದ್ದರೆ ಎಟಿಎಂನವರು ಹೇಳಿದ್ದೇ ವಿನಿಮಯ ದರ.

ಮರುದಿನ ತಕಾಯಾಮಾ. ಅಲ್ಲಿ ಸುದೊಮಾರಿ, ತಲೆಗೆ 4,500 ಯೆನ್. ಪೇಟೆ ಊರು, ಹತ್ತಿರದಲ್ಲೇ ದಿನಸಿ ಅಂಗಡಿ. ಅನ್ನದುಂಡೆ, ಹಣ್ಣು, ಮೊಸರು, ಮೂಲೆಯ ಅಂಗಡಿಯ ಕಾಫಿ, ಎಲ್ಲ ಸೇರಿ ಇಬ್ಬರಿಗೆ 3,000. ಒಟ್ಟು 12,000 ಯೆನ್. ತ್ಸುಮಾಗೊಗಿಂತ 8,000 ಕಡಿಮೆ, ಅಂದರೆ 4,480 ರೂಪಾಯಿ.

ಹಾಗಾದರೆ ತ್ಸುಮಾಗೊದಲ್ಲಿ ಮೋಸಹೋದೆವೇ? ಇಲ್ಲ. ಪ್ರವಾಸಿಗಳೆಲ್ಲ ಹೋದ ಮೇಲೆ, ಕತ್ತಲೆ ಬೀದಿಯಲ್ಲಿ ನಮ್ಮಿಬ್ಬರ ಹೆಜ್ಜೆ ಸದ್ದು ಮಾತ್ರ ಕೇಳಿದ ಆ ಅರ್ಧ ಗಂಟೆಯನ್ನು ಹೆಂಡತಿ ಇವತ್ತಿಗೂ ನೆನೆಯುತ್ತಾಳೆ. ದಂಡವಾದದ್ದು ಮೀನಿನ ದುಡ್ಡು ಮಾತ್ರ.

ಮುಂದಿನ ಸಲ ಕೋಯಾಸಾನ್ ಬೆಟ್ಟಕ್ಕೆ ಹೋಗುವ ಮನಸ್ಸಿದೆ. ಅಲ್ಲಿ ಐವತ್ತಕ್ಕೂ ಹೆಚ್ಚು ಬೌದ್ಧ ದೇಗುಲಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ದರ ಮಿನ್‌ಶುಕುಗಿಂತ ಸಾಮಾನ್ಯವಾಗಿ ಜಾಸ್ತಿಯೇ. ಆದರೆ ಅಡುಗೆ ಪೂರ್ತಿ ಸಸ್ಯಾಹಾರ, ಸಾರಿಗೂ ಕಡಲಕಳೆ, ಅಣಬೆಗಳದ್ದೇ ರಸ. ಕೊಟ್ಟ ಹಣವೆಲ್ಲ ಹೊಟ್ಟೆಗೇ ಸೇರುವುದಾದರೆ ನಮ್ಮಂಥವರಿಗೆ ಅದೇ ಅಗ್ಗ.

ಸಕಲೇಶಪುರದ ನನ್ನ ಪ್ರಶ್ನೆಗೆ ಹೆಂಡತಿ ಈಗ ಒಂದು ಬಾಲ ಅಂಟಿಸಿದ್ದಾಳೆ: “ತಲೆಗೆ ಎಷ್ಟು, ಊಟ ಸೇರಿಯೋ, ಆ ಊಟ ನಾವು ಉಣ್ಣುವಂಥದ್ದೋ?”