ಶೈಶವದಲ್ಲಿಯೇ ಮುಪ್ಪು

ಹುಟ್ಟುವಾಗ ಇತರ ಮಕ್ಕಳಂತೆಯೇ ಕಾಣುವ ಕೂಸು, ವರ್ಷ ತುಂಬುವ ವೇಳೆಗೆ ಸರಿಯಾಗಿ ಬೆಳೆಯದು. ಕೂದಲು ಉದುರುವುದು, ಚರ್ಮ ಬಿಗಿಯುವುದು, ಕೀಲುಗಳು ಪೆಡಸಾಗುವುವು. ಬುದ್ಧಿ ಮಾತ್ರ ಕುಂದದು. 1886ರಲ್ಲಿ ಇಂಗ್ಲೆಂಡಿನ ಜೊನಾಥನ್ ಹಚಿನ್‌ಸನ್ ವರ್ಣಿಸಿದ ಈ ವಿರಳ ರೋಗವೇ ಪ್ರೊಜೀರಿಯಾ.

ಹೊರಲಕ್ಷಣಗಳು ಸಂಶಯವನ್ನು ಹುಟ್ಟಿಸುವುವು, ನಿಶ್ಚಯವನ್ನಲ್ಲ; ಇದನ್ನು ಹೋಲುವ ಬೇರೆ ರೋಗಗಳೂ ಉಂಟು. ನಿಶ್ಚಯಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು. ಬಹುಪಾಲು ರೋಗಿಗಳಲ್ಲಿ ಲ್ಯಾಮಿನ್-ಎ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದೆಂದು 2003ರಲ್ಲಿ ತಿಳಿದುಬಂದಿತು. ಅದರಿಂದ ಪ್ರೋಟೀನು 50 ಅಮೈನೋ ಆಮ್ಲಗಳಷ್ಟು ಮೊಟಕಾಗಿ, ಕೋಶಕೇಂದ್ರದ ಪೊರೆಯನ್ನು ವಿರೂಪಗೊಳಿಸುವುದು. ಈ ಬದಲಾವಣೆ ಸಾಮಾನ್ಯವಾಗಿ ತಂದೆತಾಯಿಗಳಿಂದ ಬಂದುದಲ್ಲ, ಹೊಸದಾಗಿ ಉಂಟಾದುದು. ಅವರು ತಮ್ಮನ್ನು ದೂಷಿಸಿಕೊಳ್ಳಬೇಕಾಗಿಲ್ಲ.

ರೋಗನಿರ್ಣಯಕ್ಕೆ ತಡಮಾಡಲಾಗದು. ರಕ್ತನಾಳಗಳು ಪೆಡಸಾಗಿ, ಹೃದಯಾಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಈ ಮಕ್ಕಳು ಎಳೆವಯಸ್ಸಿನಲ್ಲಿಯೇ ಸಾಯುವರು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೋನಾಫಾರ್ನಿಬ್ ರೋಗವನ್ನು ಗುಣಪಡಿಸದಾದರೂ ಆಯುಸ್ಸನ್ನು ಹೆಚ್ಚಿಸಬಲ್ಲುದು.