ಮಂಗಳೂರಿಗೆ ಬರುವುದಾದರೆ ಪತ್ತನಾಜೆಯೊಳಗೆ ಬನ್ನಿ

ಮಂಗಳೂರಿಗೆ ಬರಬೇಕೆಂದಿದ್ದೀರಾ? ಮೊದಲು ಪಂಚಾಂಗ ನೋಡಿ, ರೈಲಿನ ಟಿಕೆಟ್ ಆಮೇಲೆ. ಕಡಲು, ಮೀನೂಟ, ಗಡ್‌ಬಡ್ ಐಸ್‌ಕ್ರೀಮು ವರ್ಷವಿಡೀ ಸಿಗುತ್ತವೆ. ಆದರೆ ಈ ಊರಿನ ಚೆಂಡೆಗೊಂದು ಕಾಲ, ತಾಸೆಗೊಂದು ಕಾಲ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸು, ಪತ್ತನಾಜೆ. ಆ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲವೂ ನಿಲ್ಲುತ್ತದೆ. ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಇದನ್ನು ತಿಳಿಯದೆ ಜೂನ್ ತಿಂಗಳಲ್ಲಿ ಬಂದಿಳಿದು ‘ಇಲ್ಲಿ ಯಕ್ಷಗಾನದ ಆಟ ಎಲ್ಲಿದೆ?’ ಎಂದು ಕೇಳುವವರಿಗೆ ಊರಿನವರು ಮಳೆ ತೋರಿಸಿ ನಗುತ್ತಾರೆ, ಅಷ್ಟೇ.

ಆಲ್ಪ್ಸ್ ತಪ್ಪಲಿನ ಸಾಲ್ಜ್‌ಬರ್ಗ್‌ಗೆ ಸಂಗೀತ ಕೇಳಲು ಹೋಗುವವರ ಪಾಡು ಬೇರೆ. ಮೊಜಾರ್ಟ್ ಹುಟ್ಟಿದ ಆ ಊರಿನಲ್ಲಿ 1920ರಲ್ಲಿ ಆರಂಭವಾದ ಬೇಸಿಗೆ ಉತ್ಸವಕ್ಕೆ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ತೆಗೆಯಬೇಕು. ತೆಗೆದರೆ ದಿನ, ಗಂಟೆ, ಕುರ್ಚಿ ಎಲ್ಲ ಖಾತ್ರಿ. ಮಂಗಳೂರಿನಲ್ಲಿ ಒಳ್ಳೆಯ ಸಂಗೀತದ ಬಹುಪಾಲಿಗೆ ಟಿಕೆಟೇ ಇಲ್ಲ. ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ, ದೇವಸ್ಥಾನದ ಅಂಗಳದಲ್ಲಿ, ನಡುರಸ್ತೆಯಲ್ಲಿ ನಡೆಯುತ್ತದೆ. ಯಾರೂ ನಿಮ್ಮನ್ನು ತಡೆಯುವುದಿಲ್ಲ, ಯಾರೂ ಮುಂಚಿತವಾಗಿ ಹೇಳುವುದೂ ಇಲ್ಲ. ಹಾಗಾಗಿ ದಿನಗಳನ್ನು ಬಿಗಿಯಾಗಿ ಹೆಣೆಯಬೇಡಿ. ಹಗಲನ್ನು ನೋಡುವುದಕ್ಕೆ ಇಟ್ಟುಕೊಳ್ಳಿ, ರಾತ್ರಿಯನ್ನು ಕೇಳುವುದಕ್ಕೆ ಬಿಡಿ.

ಒಂದೇ ಸಲ ಬರುವವರಿಗೆ ನನ್ನ ಸಲಹೆ ಡಿಸೆಂಬರ್. ಸೆಕೆ ಕಡಿಮೆ, ಮೇಳಗಳು ತಿರುಗಾಟದಲ್ಲಿರುತ್ತವೆ, ಇಗರ್ಜಿಗಳಲ್ಲಿ ಕ್ರಿಸ್‌ಮಸ್ ಗೀತೆಗಳ ತಾಲೀಮು ನಡೆದಿರುತ್ತದೆ. ಮೂಡುಬಿದಿರೆಯ ಸಾಂಸ್ಕೃತಿಕ ಉತ್ಸವ ಆಳ್ವಾಸ್ ವಿರಾಸತ್ ಕೂಡ ಸಾಮಾನ್ಯವಾಗಿ ಆ ತಿಂಗಳಲ್ಲೇ. ಅದಕ್ಕೆಂದು ಹೋದವರು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನೂ ಬೆಳಕಿರುವಾಗ ನೋಡಿಕೊಂಡರಾಯಿತು. ಮಾರ್ಚ್ ದಾಟಿದ ಮೇಲೂ ಆಟ, ಕೋಲ ಇರುತ್ತವೆ. ಬೆವರಿಗೆ ಹೆದರದವರು ಬರಬಹುದು.

ಬೆಂಗಳೂರಿನಿಂದ ಸುಮಾರು 350 ಕಿ.ಮೀ. ರಾತ್ರಿ ಬಸ್ಸಿನಲ್ಲಿ ಮಲಗಿ ಬರುವುದು ವಾಡಿಕೆ, ಆದರೆ ಒಂದು ದಾರಿಯನ್ನಾದರೂ ಹಗಲು ರೈಲಿಗೆ ಕೊಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು ಈ ಹಾದಿಗೆ 2021ರ ಜುಲೈಯಲ್ಲಿ ಬಂದವು. ಮಳೆಗಾಲದಲ್ಲಿ ಗುಡ್ಡ ಜರಿದು ಶಿರಾಡಿ ಘಾಟಿ ರಸ್ತೆ ಬಂದ್ ಆಗುವುದುಂಟು, ರೈಲೂ ತಡವಾದೀತು. ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ಸರಿಯಾಗಿ ಓದಿಕೊಳ್ಳಿ: ಸೆಂಟ್ರಲ್ ಊರಿನ ನಡುವೆಯೇ ಇದೆ, ಜಂಕ್ಷನ್ ಇರುವುದು ಪಡೀಲಿನ ಕಡೆ. ಉಳಿಯುವುದಕ್ಕೆ ಹಂಪನಕಟ್ಟೆಯ ಆಸುಪಾಸು ಅನುಕೂಲ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ ಅಲ್ಲಿಂದ ಹತ್ತಿರ, ಯಾವ ದಿಕ್ಕಿಗೂ ಬಸ್ಸು ಸಿಗುತ್ತದೆ.

ಹಗಲಿನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ಎಲ್ಲವನ್ನೂ ನೋಡಬೇಕಾಗಿಲ್ಲ. ಸಂತ ಅಲೋಶಿಯಸ್ ಚಾಪೆಲ್ ತಪ್ಪಿಸಬೇಡಿ. ಆಲ್ಪ್ಸ್ ಬುಡದ ಬೆರ್ಗಾಮೊ ಸಮೀಪದವನಾದ ಜೆಸ್ಯೂಟ್ ಸಹೋದರ ಅಂತೋನಿಯೊ ಮೊಸ್ಕೇನಿ, 19ನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿಸಿದ. ಗೋಡೆಯ ಮೇಲಿನವು ಹಸಿ ಗಾರೆಯ ಮೇಲೆ ಬರೆದವು, ಮಾಡಿನವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಒಪೆರಾ ಸಂಯೋಜಕ ದೋನಿಜೆತ್ತಿಯೂ ಬೆರ್ಗಾಮೊದವನೇ. ಆ ಸೀಮೆಯ ಹಾಡು ನಮ್ಮವರೆಗೆ ಬರಲಿಲ್ಲ, ಬಣ್ಣ ಬಂತು. ಮಧ್ಯಾಹ್ನ ಬಿಡುವಿನ ಹೊತ್ತು ಬಿಟ್ಟು ಹೋಗಿ. ಅಲ್ಲಿಂದ ಕದ್ರಿ ಮಂಜುನಾಥನಲ್ಲಿಗೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದ ಶಾಸನ ಆಳುಪ ದೊರೆ ಕುಂದವರ್ಮನದು, ಕ್ರಿ.ಶ. 968ರದು. ಚರಿತ್ರೆ ಬೇಕಾದವರು ಬಲ್ಮಠದ ಕಡೆ ಒಂದು ಸುತ್ತು ಹಾಕಬಹುದು. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರ ನೆಲೆ ಅದು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ, ಕಿಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ಈ ಮಿಶನ್ನಿನವರಿಂದಲೇ. ಸುಲ್ತಾನ್ ಬತ್ತೇರಿ, ಪಣಂಬೂರು, ತಣ್ಣೀರುಬಾವಿ ಸಂಜೆಗೆ ಸಾಕು.

ಕದ್ರಿ ಎಂದೊಡನೆ ಸ್ಯಾಕ್ಸೊಫೋನ್ ನೆನಪಾಗದ ಸಂಗೀತಪ್ರಿಯರು ಕಡಿಮೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಿದೇಶಿ ವಾದ್ಯವನ್ನು ಕೇಳಿ ಮರುಳಾದರು. ಅದನ್ನು ಗಮಕಕ್ಕೆ ಬಗ್ಗಿಸಲು ವರ್ಷಗಟ್ಟಲೆ ದುಡಿದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಶಾಸ್ತ್ರೀಯ ಕಛೇರಿ ಕೇಳಬೇಕಾದರೆ ಪುರಭವನದಲ್ಲಿ, ಡಾನ್ ಬಾಸ್ಕೊ ಹಾಲಿನಲ್ಲಿ, ರಾಮಕೃಷ್ಣ ಮಠದಲ್ಲಿ ಏನಿದೆ ಎಂದು ವಿಚಾರಿಸಿ.

ಇನ್ನು ಆಟ. ಇವತ್ತು ಎಲ್ಲಿ ಎಂದು ತಿಳಿಯಲು ಇಲ್ಲಿನ ದಿನಪತ್ರಿಕೆಯ ಸ್ಥಳೀಯ ಪುಟ ನೋಡಿ. ಯಾವ ಮೇಳ, ಯಾವ ಊರು, ಯಾವ ಪ್ರಸಂಗ ಎಂಬ ಪಟ್ಟಿ ಇರುತ್ತದೆ. ಮಂಗಳೂರು ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಸೀಮೆ. ಕಟೀಲು ದುರ್ಗಾಪರಮೇಶ್ವರಿಯ ಹೆಸರಿನಲ್ಲೇ ಹಲವು ಮೇಳಗಳಿದ್ದು, ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ. ಹೆಚ್ಚಿನವು ಹರಕೆಯಾಟಗಳು, ಸೇವೆಯ ಸರದಿ ಬರಲು ಭಕ್ತರು ವರ್ಷಗಟ್ಟಲೆ ಕಾಯುತ್ತಾರೆ. ಆಡಿಸುವವರು ಅವರು, ನೋಡುವವರು ಊರವರೆಲ್ಲ. ಊಟವನ್ನೂ ಹಾಕುವುದುಂಟು, ಸಂಕೋಚ ಬೇಡ, ಪಂಕ್ತಿಯಲ್ಲಿ ಕುಳಿತುಬಿಡಿ. ಕೆಲವು ಆಟಗಳು ಈಗ ಕಾಲಮಿತಿಯವು, ಮಧ್ಯರಾತ್ರಿಯ ಸುಮಾರಿಗೆ ಮಂಗಳ ಹಾಡುತ್ತವೆ. ಬೆಳಗಿನ ತನಕದ ಆಟ ಬೇಕೆಂದರೆ ಮೊದಲೇ ಕೇಳಿಕೊಳ್ಳಬೇಕು.

ಮೊದಲ ಸಲದವರಿಗೆ ‘ಶ್ರೀದೇವಿ ಮಹಾತ್ಮೆ’ಯೇ ಸರಿ. ಸಭೆಯ ಹಿಂದಿನಿಂದ ದೊಂದಿಗಳ ಉರಿಯಲ್ಲಿ ಮಹಿಷಾಸುರ ಜನರ ನಡುವೆಯೇ ನುಗ್ಗಿ ಬರುತ್ತಾನೆ. ಕುರ್ಚಿ ದಾರಿಯ ಅಂಚಿನಲ್ಲಿ ಹಾಕಿಕೊಂಡವರು ಎಚ್ಚರ. ಆದರೆ ಕಿವಿಯಿದ್ದವರು ವೇಷಕ್ಕಿಂತ ಹಿಮ್ಮೇಳದ ಹತ್ತಿರ ಕೂರಲಿ. ಭಾಗವತರ ಪದ, ಮದ್ದಳೆ, ಚಕ್ರತಾಳ, ಏರುವ ಚೆಂಡೆ — ಇಡೀ ರಂಗಸ್ಥಳ ನಡೆಯುವುದು ಅವರ ಕೈಯಲ್ಲಿ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ದಶಕಗಳ ಕಾಲ ಕಟೀಲು ಮೇಳದಲ್ಲಿ ಹಾಡಿದವರು; ಅವರ ಮನೆತನದ ‘ಬಲಿಪ ಶೈಲಿ’ಯ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಬರುವ ಮುಂಚೆ ಧ್ವನಿಮುದ್ರಿಕೆಯಲ್ಲಿ ಅವರ ಪದ ಕೇಳಿ ಬಂದರೆ ಆಟ ಇನ್ನಷ್ಟು ಒಳಗೆ ಇಳಿಯುತ್ತದೆ. ಮಳೆಗಾಲದಲ್ಲೇ ಬಂದಿರಾದರೆ ತಾಳಮದ್ದಳೆ ಹುಡುಕಿ. ವೇಷವಿಲ್ಲ, ಕುಣಿತವಿಲ್ಲ, ಪದ ಮತ್ತು ಮಾತು ಮಾತ್ರ. ವಾದ ಏರಿದರೆ ಹೊರಗಿನ ಮಳೆಯ ಸದ್ದೂ ಕೇಳಿಸುವುದಿಲ್ಲ.

ಕೊಂಕಣಿ ಹಾಡಿನ ವಿಳಾಸ ಶಕ್ತಿನಗರದ ಕಲಾಂಗಣ. ಎರಿಕ್ ಒಝೇರಿಯೊ ಅವರು 1986ರಲ್ಲಿ ಕಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯ ಮನೆ ಅದು. 2008ರ ಜನವರಿ 26, 27ರಂದು ಈ ಸಂಸ್ಥೆ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಸೇರಿತು. ತಿಂಗಳ ಮೊದಲ ಭಾನುವಾರದ ಅವರ ತಿಂಗಳ ವೇದಿಕೆಗೆ ನಿಮ್ಮ ಪ್ರವಾಸ ಹೊಂದಿದರೆ ಸಂಜೆ ಅಲ್ಲಿಗೇ ಹೋಗಿ. ಮಣ್ಣಿನ ಮಡಕೆಯ ವಾದ್ಯ ಗುಮಟೆ ಬಾರಿಸುವುದು ಕೇಳಲು ಸಿಕ್ಕರೆ ಬಿಡಬೇಡಿ.

ದಸರಾಕ್ಕೆ ಬರುವವರ ಲೆಕ್ಕ ಪ್ರತ್ಯೇಕ. ನವರಾತ್ರಿಯ ದಿನಗಳಲ್ಲಿ ಹುಲಿವೇಷದ ತಂಡಗಳು ಅಂಗಡಿ, ಮನೆಗಳ ಮುಂದೆ ಕುಣಿಯುತ್ತವೆ. ತಾಸೆಯ ಪೆಟ್ಟು ಬಿತ್ತೆಂದರೆ ಸ್ಕೂಟರಿನ ಮೇಲೆ ಕೂತವನ ಕಾಲೂ ಸುಮ್ಮನಿರುವುದಿಲ್ಲ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಮೆರವಣಿಗೆ ಊರಿಡೀ ಸುತ್ತುತ್ತದೆ, ಹಿಂದಿರುಗುವಾಗ ಬೆಳಗಾಗಿರುತ್ತದೆ. ಆ ವಾರ ಕೋಣೆ ಸಿಗುವುದು ಕಷ್ಟ, ವಾಹನ ಮುಂದೆ ಹೋಗುವುದು ಇನ್ನೂ ಕಷ್ಟ. ನಡೆಯಲು ಸಿದ್ಧರಿದ್ದರೆ ಮಾತ್ರ ಬನ್ನಿ.

ಕೊನೆಗೆ ಒಂದೆರಡು ಮಾತು. ಹಳ್ಳಿಯ ಆಟ ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲ, ಹೋಗುವಾಗಲೇ ಮರಳುವ ವಾಹನ ಗೊತ್ತುಮಾಡಿಕೊಳ್ಳಿ. ಕೋಲ ನೋಡಲು ಕರೆದವರಿದ್ದರೆ ಹೋಗಿ, ಅದು ಪ್ರದರ್ಶನವಲ್ಲ, ಆರಾಧನೆ, ಫೋನ್ ಜೇಬಿನಲ್ಲಿರಲಿ. ಆಟದ ಚೌಕಿಯಲ್ಲಿ ವೇಷಧಾರಿಗಳು ಬಣ್ಣ ಬರೆದುಕೊಳ್ಳುವುದನ್ನು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ದೇವರಿದೆ, ಚಪ್ಪಲಿ ಹೊರಗೆ ಬಿಡಿ, ಕೇಳಿ ಒಳಗೆ ಹೋಗಿ, ಬಣ್ಣಕ್ಕೆ ಕೂತವರ ಮುಖಕ್ಕೆ ಫ್ಲಾಶ್ ಹೊಡೆಯಬೇಡಿ.